ಹುಲಿಗೆಮ್ಮನ ಟೊಂಕದೊಳಗಿನ ಕರಗುವ ಕೇಜ್

ಕೊರೊನಾ ಎರಡನೇ ಅಲೆ ಇಳಿದ ಮರುವರ್ಷದ ಮಾತು. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆನ್ನೆಲುಬಿನ ಶಸ್ತ್ರಚಿಕಿತ್ಸಕಿಯಾಗಿ ಸೇರಿ ನನಗೆ ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಹೈದರಾಬಾದಿನಲ್ಲಿ ಎರಡು ವರ್ಷ ಇದೇ ಸರ್ಜರಿಯ ತರಬೇತಿ ಮುಗಿಸಿದ್ದೆ. ನಮ್ಮ ಕಡೆಯ ಜನ ಟೊಂಕದ ಆಪರೇಷನ್ನಿಗೆ ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಅಲ್ಲಿ ತೆಲುಗು ಬಾರದೆ, ಯಾರೋ ಹೇಳಿದ್ದಕ್ಕೆ ತಲೆಯಾಡಿಸಿ ಬರುವುದನ್ನು ಕಣ್ಣಾರೆ ನೋಡಿದ್ದೆ. ಅದಕ್ಕೇ ವಾಪಸು ಬಂದೆ.

ನಾನು ದೇವದುರ್ಗ ತಾಲೂಕಿನ ಹಳ್ಳಿಯೊಂದರ ಕೂಲಿ ಮನೆಯವಳು. ನನಗಿಂತ ಮೊದಲು ನಮ್ಮ ಮನೆಯಲ್ಲಿ ಯಾರೂ ಹತ್ತನೇ ಇಯತ್ತೆ ದಾಟಿರಲಿಲ್ಲ. ಹಾಸ್ಟೆಲ್ಲಿನ ಅನ್ನ ತಿಂದು, ಒಂದೇ ಜೊತೆ ಚಪ್ಪಲಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇರಲಿಲ್ಲ. ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತಿದ್ದೆ. ಹೇಳಲು ನಾಚಿದ ಸಂಗತಿ ಬೇರೆಯೇ ಇತ್ತು. ಅದರಿಂದಲೇ ಈ ಪ್ರಕರಣ ಕೆಟ್ಟಿತು.

ಜೂನ್ ತಿಂಗಳಲ್ಲಿ ಮಾನ್ವಿ ತಾಲೂಕಿನ ಬಾಗಲವಾಡದಿಂದ ಹುಲಿಗೆಮ್ಮ ಎಂಬ ಹೆಣ್ಣುಮಗಳು ನನ್ನ ಒಪಿಡಿಗೆ ಬಂದಳು. ವಯಸ್ಸು ನಲವತ್ತಾರು. ಮೈಯಲ್ಲಿ ಮಾಂಸವೇ ಇಲ್ಲ, ಆದರೆ ದನಿ ಮಾತ್ರ ಕಾರಿಡಾರ್ ದಾಟಿ ಕೇಳುವಂಥದು. ಕಾಲುವೆಗೆ ನೀರು ಬಿಟ್ಟ ಮೇಲೆ ಆ ಭಾಗದ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪುಗಳಿರುತ್ತವೆ. ಅಂಥ ಹದಿನಾಲ್ಕು ಜನರ ಗುಂಪಿಗೆ ಇವಳೇ ಮುಂದಾಳು. ಮುಂದಾಳಾದವಳು ಮೊದಲ ಸಾಲಿನಲ್ಲಿ ಬಗ್ಗಬೇಕು. ಅವಳ ವೇಗಕ್ಕೆ ಉಳಿದವರು ಹಚ್ಚುತ್ತಾರೆ. ಇಪ್ಪತ್ತೆಂಟು ವರ್ಷ ಅವಳು ಹಾಗೆ ಬಗ್ಗಿದ್ದಳು.

"ಏನ್ ತ್ರಾಸ ಆಗಾಕತ್ತದ?" ಅಂದೆ.

"ಯವ್ವಾ, ನೆಟ್ಟಗ ನಿಂತ್ರ ಎರಡೂ ಕಾಲು ಜೋಮು ಹಿಡೀತಾವ. ಹತ್ತು ಹೆಜ್ಜಿ ನಡದ್ರ ಕೂಡಬೇಕು. ಬಗ್ಗಿದ್ರ ಮಾತ್ರ ಆರಾಮ ಅನಸ್ತದ. ದೇವ್ರು ನನ್ನ ಬಗ್ಗಾಕಂತನ ಹುಟ್ಟಿಸ್ಯಾನೇನೋ ನೋಡು."

ಎಕ್ಸ್‌ರೇ, ಎಂಆರ್‌ಐ ಮಾಡಿಸಿದೆ. ಟೊಂಕದಲ್ಲಿ ಒಂದರ ಮೇಲೊಂದು ಐದು ಮಣಿ ಎಲುಬುಗಳಿರುತ್ತವೆ. ಅವಳ ನಾಲ್ಕನೆಯದು ಐದನೆಯದರ ಮೇಲಿಂದ ಮುಂದಕ್ಕೆ ಜಾರಿತ್ತು. ಎರಡರ ನಡುವಿನ ಮೆತ್ತನೆಯ ಡಿಸ್ಕ್ ಸವೆದು, ಕಾಲಿಗೆ ಇಳಿಯುವ ನರಗಳ ದಾರಿ ಕಿರಿದಾಗಿತ್ತು. ಇದಕ್ಕೆ ಫ್ಯೂಷನ್ ಎಂಬ ಆಪರೇಷನ್ ಇದೆ. ಸವೆದ ಡಿಸ್ಕ್ ತೆಗೆದು, ಆ ಜಾಗದಲ್ಲಿ ಕೇಜ್ ಎಂಬ ಸಣ್ಣ ಡಬ್ಬಿಯಂಥದ್ದನ್ನು ಕೂರಿಸಿ, ಅದರೊಳಗೆ ರೋಗಿಯದೇ ಎಲುಬಿನ ಚೂರು ತುಂಬುತ್ತೇವೆ. ತಿಂಗಳುಗಟ್ಟಲೆ ಕಾಲದಲ್ಲಿ ಎರಡು ಮಣಿಗಳ ನಡುವೆ ಎಲುಬು ಬೆಳೆದು ಅವು ಒಂದಾಗುತ್ತವೆ. ಅಲ್ಲಿಯವರೆಗೆ ಅಲುಗದಂತೆ ಹಿಂದಿನಿಂದ ಟೈಟಾನಿಯಂ ಸ್ಕ್ರೂ ಮತ್ತು ಸರಳು ಹಾಕುತ್ತೇವೆ.

ಇದನ್ನೆಲ್ಲ ಹೇಳಿದಾಗ ಹುಲಿಗೆಮ್ಮ ಒಂದೇ ಮಾತಿಗೆ ಪಟ್ಟು ಹಿಡಿದಳು. "ಕಬ್ಬಿಣ ಮಾತ್ರ ಬ್ಯಾಡ ಯವ್ವಾ. ನಮ್ಮ ಓಣ್ಯಾಗ ಒಬ್ಬಾವ ತೊಡ್ಯಾಗ ರಾಡ್ ಹಾಕಿಸ್ಕೊಂಡು ನಾಕು ವರ್ಷ ಕೀವು ಸುರಿಸ್ಯಾನ. ಚಳಿಗಾಲದಾಗ ಒಳಗಿನ ಕಬ್ಬಿಣ ತಣ್ಣಗಾಗಿ ಕೊರೀತದಂತ. ನನಗ ಅದು ಬ್ಯಾಡೇ ಬ್ಯಾಡ."

ಆಗ ನನ್ನ ಕೈಯಲ್ಲಿ ಹೊಸದೊಂದು ವಸ್ತು ಇತ್ತು. ಕರಗುವ ಕೇಜ್. ಗಾಯಕ್ಕೆ ಹಾಕಿದ ಹೊಲಿಗೆ ತಾನಾಗಿ ಕರಗುವುದನ್ನು ನೀವು ನೋಡಿರಬಹುದು; ಆ ದಾರದ ಜಾತಿಗೇ ಸೇರಿದ ಪಾಲಿಮರಿನಿಂದ ಇದನ್ನು ಮಾಡುತ್ತಾರೆ. ಒಂದೆರಡು ವರ್ಷದಲ್ಲಿ ದೇಹ ಅದನ್ನು ನಿಧಾನಕ್ಕೆ ನೀರು, ಇಂಗಾಲದ ಡೈಆಕ್ಸೈಡ್ ಮಾಡಿ ಹೊರಹಾಕುತ್ತದೆ. ಅಷ್ಟರೊಳಗೆ ಎಲುಬು ಬೆಳೆದಿರಬೇಕು ಎಂಬುದು ಲೆಕ್ಕ. ಈ ವಸ್ತುವಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅದು ಕರಗಿ ಮಾಯವಾಗುವುದಕ್ಕೆ ಬಹಳ ಮೊದಲೇ ಅದರ ಬಲ ಹೋಗುತ್ತದೆ. ಆಕಾರ ಹಾಗೇ ಇರುತ್ತದೆ, ಒಳಗೆ ತ್ರಾಣ ಇರುವುದಿಲ್ಲ. ಹಾಗಾಗಿ ಎಲ್ಲ ಸರ್ಜನ್ನರೂ ಇದನ್ನು ಒಪ್ಪುವುದಿಲ್ಲ. ನಾನು ಒಪ್ಪಿದ್ದೆ.

ಯೋಜನೆ ಹೀಗಿತ್ತು: ಕೇಜ್ ಕರಗುವುದು, ಸ್ಕ್ರೂ ಟೈಟಾನಿಯಮ್ಮಿನವು. ಎಲುಬು ಕೂಡಿದ ಮೇಲೆ ಸ್ಕ್ರೂಗಳನ್ನು ಇನ್ನೊಂದು ಸಣ್ಣ ಆಪರೇಷನ್ ಮಾಡಿ ತೆಗೆಯುವುದು. ಸಾಮಾನ್ಯವಾಗಿ ಯಾರೂ ತೆಗೆಯುವುದಿಲ್ಲ. ಆದರೆ ಅವಳಿಗೆ ಲೋಹ ಬೇಡವಾಗಿತ್ತು, ನನಗೆ ಲೋಹವಿಲ್ಲದ ಫ್ಯೂಷನ್ ಮಾಡಿ ತೋರಿಸಬೇಕಾಗಿತ್ತು. ಇಬ್ಬರ ಆಸೆಯೂ ಒಂದೇ ಕಡೆ ವಾಲಿತು.

ಆಪರೇಷನ್ ಮೂರೂವರೆ ತಾಸು ಹಿಡಿಯಿತು. ಚೆನ್ನಾಗಿಯೇ ಆಯಿತು. ಮೂರನೇ ದಿನ ಹುಲಿಗೆಮ್ಮ ವಾರ್ಡಿನಲ್ಲಿ ನೆಟ್ಟಗೆ ನಡೆದು, ಬಾಗಿಲ ಹತ್ತಿರ ನಿಂತ ಗಂಡನಿಗೆ, "ಏನ್ ನೋಡ್ತೀ? ಇಷ್ಟು ಎತ್ತರ ಇದ್ನಿ ಅಂತ ಮರತಿದ್ದೇನು?" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು.

ಬಿಡುಗಡೆಯ ದಿನ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆಯುತ್ತೇವೆ. ಉಳಿದ ಡಾಕ್ಟರುಗಳು ಅಚ್ಚಾದ ಇಂಗ್ಲಿಷ್ ಚೀಟಿ ಕೊಡುತ್ತಿದ್ದರು. ನಾನು ನಮ್ಮ ಜನರ ಬದುಕು ಗೊತ್ತಿದ್ದವಳು ಎಂಬ ಹೆಮ್ಮೆಯಿಂದ ಕನ್ನಡದಲ್ಲಿ ಸ್ವಂತ ಪಟ್ಟಿ ಮಾಡಿದ್ದೆ. ತುಂಬಿದ ಕೊಡ ಎತ್ತಬೇಡಿ. ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಡಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಟಂಟಂ ಗಾಡಿಯ ಹಿಂದಿನ ಸೀಟಿನಲ್ಲಿ ಪ್ರಯಾಣ ಬೇಡ. ಕಟ್ಟಿಗೆ ಹೊರೆ ಹೊರಬೇಡಿ. ಬಗ್ಗಿ ಕಸ ಗುಡಿಸಬೇಡಿ. ಹೀಗೆ ಹನ್ನೊಂದು ಸೂಚನೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತಿದ್ದೆ. ಹುಲಿಗೆಮ್ಮನಿಗೂ ಹೇಳಿದೆ. ಅವಳು ಹನ್ನೊಂದನ್ನೂ ಪಾಲಿಸಿದಳು. ಇದು ಮುಂದೆ ಮುಖ್ಯವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಆ ವರ್ಷ ಅವಳು ಒಂದು ಸಾಲು ಸಸಿಯನ್ನೂ ಹಚ್ಚಲಿಲ್ಲ. ಗದ್ದೆಯ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಗುಂಪು ನಡೆಸಿದಳು.

ಹನ್ನೊಂದನೇ ತಿಂಗಳಿಗೆ ಸಿಟಿ ಸ್ಕ್ಯಾನ್ ಮಾಡಿಸಿದೆ. ಮೈಯಲ್ಲಿ ಮಾಂಸವಿಲ್ಲದ್ದರಿಂದ ಸ್ಕ್ರೂಗಳ ತಲೆಗಳು ಅವಳ ಚರ್ಮಕ್ಕೆ ಒತ್ತುತ್ತಿದ್ದವು. ಅಂಗಾತ ಮಲಗಲು ಆಗುತ್ತಿರಲಿಲ್ಲ. "ಯಾವಾಗ ತಗೀತೀ, ಯಾವಾಗ ತಗೀತೀ" ಎಂದು ಪ್ರತಿ ಸಲ ಗಂಟುಬೀಳುತ್ತಿದ್ದಳು. ಸ್ಕ್ಯಾನನ್ನು ನಮ್ಮ ರೇಡಿಯಾಲಜಿಸ್ಟ್ ಖಾದರ್ ಅವರು ನೋಡಿದರು. ನನಗಿಂತ ಹದಿನೈದು ವರ್ಷ ಹಿರಿಯರು, ಮಾತು ಕಡಿಮೆ.

"ಎಲುಬು ಬೆಳದದ," ಅಂದರು. "ಆದ್ರ ಇನ್ನಾ ಹಸಿ ಅದ. ಒಂದ್ ಆರು ತಿಂಗಳು ತಡೀರಿ. ಏನ್ ಜಲ್ದಿ ಅದ?"

ಜಲ್ದಿ ಇತ್ತು. ಮುಂದಿನ ಐದು ತಿಂಗಳಲ್ಲಿ ಸರ್ಜನ್ನರ ಸಮ್ಮೇಳನವೊಂದರಲ್ಲಿ ಈ ಪ್ರಕರಣ ಮಂಡಿಸಲು ಹೆಸರು ಕೊಟ್ಟಿದ್ದೆ. ರಾಯಚೂರಿನ ಒಂದು ಆಸ್ಪತ್ರೆ, ದೇವದುರ್ಗದ ಒಬ್ಬ ಕೂಲಿಯವರ ಮಗಳು, ಮೈಯಲ್ಲಿ ಲೋಹವೇ ಉಳಿಯದ ಫ್ಯೂಷನ್. ಸ್ಲೈಡುಗಳು ಆಗಲೇ ತಯಾರಿದ್ದವು. ರೋಗಿಯೇ ಕೇಳುತ್ತಿದ್ದಾಳಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸ್ಕ್ರೂ ತೆಗೆದೆ.

ಆ ಸಂಜೆ ರೌಂಡ್ಸಿಗೆ ಹೋದಾಗ, ತೆಗೆದ ನಾಲ್ಕು ಸ್ಕ್ರೂಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಅವಳಿಗೆ ತೋರಿಸಿ ಹೇಳಿದೆ: "ಹುಲಿಗೆಮ್ಮಾ, ಈಗ ನಿಮ್ಮ ಟೊಂಕದಾಗ ಕಬ್ಬಿಣ ಇಲ್ರಿ. ಈಗ ನೀವು ಎಲ್ಲಾರಂಗ."

ಹಾಸಿಗೆಯ ಪಕ್ಕದಲ್ಲಿ ಅವಳ ತಂಗಿ ತಾಯಮ್ಮ ಕೂತಿದ್ದಳು. ಕುರ್ಡಿ ಎಂಬ ಊರಿಗೆ ಕೊಟ್ಟ ಹೆಣ್ಣು. ಅಕ್ಕನ ಎರಡೂ ಆಪರೇಷನ್ನಿಗೆ ಬಂದು ಕಾಲ ಹತ್ತಿರ ಕೂತವಳು ಅವಳೇ. ನನ್ನ ಮಾತು ಕೇಳಿ ಡಬ್ಬಿಗೆ ಕೈಮುಗಿದಳು.

ಐದು ವಾರದ ನಂತರ ಒಂದು ಮಧ್ಯಾಹ್ನ, ಒಪಿಡಿ ಮುಗಿಸಿ ಕೈ ತೊಳೆಯುತ್ತಿದ್ದೆ. ತುರ್ತು ವಿಭಾಗದಿಂದ ಕರೆ ಬಂತು. ಹೋಗಿ ನೋಡಿದರೆ ಸ್ಟ್ರೆಚರ್ ಮೇಲೆ ಹುಲಿಗೆಮ್ಮ. ದನಿ ಇರಲಿಲ್ಲ. ಬಲಗಾಲ ಪಾದ ಜೋತು ಬಿದ್ದಿತ್ತು. ಮೇಲಕ್ಕೆತ್ತಿ ಎಂದರೆ ಏಳಲಿಲ್ಲ. ಹೊಟ್ಟೆಯ ಕೆಳಭಾಗ ತುಂಬು ಗರ್ಭಿಣಿಯಂತೆ ಉಬ್ಬಿತ್ತು.

"ಒಂದಕ್ಕ ಹೋಗಿ ಎಷ್ಟೊತ್ತಾತು?"

"ಮೊನ್ನೆ ರಾತ್ರಿಯಿಂದ ಇಲ್ಲ," ಎಂದ ಗಂಡ.

ಕ್ಯಾಥೆಟರ್ ಹಾಕಿದಾಗ ಸಾವಿರದ ನೂರು ಮಿಲಿಲೀಟರ್ ಮೂತ್ರ ಬಂತು. ಅಷ್ಟು ತುಂಬಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ. ಸೂಜಿಯಿಂದ ಮುಟ್ಟಿ ನೋಡಿದೆ. ಕುದುರೆ ಮೇಲೆ ಕೂತರೆ ಜೀನಿಗೆ ತಾಗುವ ಜಾಗವಷ್ಟೂ ಅವಳಿಗೆ ಮರಗಟ್ಟಿತ್ತು. ಇದನ್ನು ನಾವು ಕಾಡಾ ಈಕ್ವೈನಾ ಸಿಂಡ್ರೋಮ್ ಎನ್ನುತ್ತೇವೆ. ಬೆನ್ನುಹುರಿಯ ತುದಿಯಿಂದ ಕುದುರೆ ಬಾಲದ ಕೂದಲಿನಂತೆ ಇಳಿಯುವ ನರಗಳ ಗೊಂಚಲು ಒಟ್ಟಿಗೆ ಹಿಸುಕಿಹೋಗುವುದು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಅವಸರದ ಕೆಲಸ ಕಡಿಮೆ. ಮೊದಲ ದಿನವೇ ಒತ್ತಡ ಬಿಡಿಸಿದರೆ ಮೂತ್ರದ ಹಿಡಿತ ಮರಳಿ ಬರುವ ಆಸೆ ಹೆಚ್ಚು. ಇವಳಿಗೆ ಆಗಲೇ ನಲವತ್ತು ತಾಸು ದಾಟಿತ್ತು.

ಎಂಆರ್‌ಐ ನೋಡುವಾಗ ಖಾದರ್ ಅವರು ಹಳೆಯ ಸಿಟಿ ಸ್ಕ್ಯಾನನ್ನೂ ಪಕ್ಕದಲ್ಲಿ ತೆರೆದಿಟ್ಟರು. ಹಸಿ ಎಲುಬು ಮುರಿದಿತ್ತು. ತ್ರಾಣವಿಲ್ಲದ ಕೇಜ್ ಕಪ್ಪೆಚಿಪ್ಪು ತುಳಿದಂತೆ ಪುಡಿಯಾಗಿ, ಚೂರುಗಳು ಹಿಂದಕ್ಕೆ ಸರಿದು ನರಗಳ ದಾರಿಯಲ್ಲಿ ಕೂತಿದ್ದವು. ಎಡವಿ ಬಿದ್ದರೆ ಇಷ್ಟು ಆಗುವುದಿಲ್ಲ. ಬೆನ್ನಿನ ಮೇಲೆ ನೇರವಾಗಿ ಭಾರ ಬಿದ್ದಿರಬೇಕು.

ಹೊರಗೆ ಬಂದು ಕೇಳಿದೆ. "ಏನಾತು? ಬಿದ್ರೇನು?"

ಗಂಡ ನೆಲ ನೋಡಿದ. ತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಿದ್ದಳು. ಅವಳೇ ಹೇಳಿದಳು.

"ಬಿದ್ದಿಲ್ರೀ. ನಾಕು ದಿನದಿಂದ ಟೊಂಕ ಹಿಡದಿತ್ತು. ಏಳಾಕ ಬರವಲ್ದಂದ್ಲು. ನಾ ಕಾಲು ಮುಂದಾಗಿ ಹುಟ್ಟಿದಾಕಿ ಅದೀನಿ. ನಮ್ಮೂರಾಗ ಎಲ್ಲಾರಿಗೂ ತುಳೀತೀನಿ. ಇಷ್ಟು ದಿನ ಒಳಗ ಕಬ್ಬಿಣ ಅದ ಅಂತ ನಾ ಮುಟ್ಟಿದ್ದಿಲ್ರೀ. ಕೇಳಿದ್ರೂ ಒಲ್ಲೆ ಅಂದಿದ್ನಿ. ಈಗ ನೀವಾ ಅಂದ್ರಲ್ರೀ, ಕಬ್ಬಿಣ ಇಲ್ಲ, ಎಲ್ಲಾರಂಗ ಅಂತ..."

ನಮ್ಮ ಕಡೆಯ ಈ ರೂಢಿ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಬಂದು ಹುಟ್ಟಿದವರ ಪಾದಕ್ಕೆ ಗುಣವಿದೆ ಎಂಬ ನಂಬಿಕೆ. ಟೊಂಕ ಹಿಡಿದವರು ಬೋರಲು ಮಲಗುತ್ತಾರೆ. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಅವರ ಟೊಂಕ ತುಳಿಯುತ್ತಾರೆ. ಸ್ನಾಯು ಹಿಡಿದುಕೊಂಡಿದ್ದರೆ ಒಮ್ಮೊಮ್ಮೆ ಸಡಿಲವಾಗುವುದೂ ಉಂಟು, ಹಾಗಾಗಿ ನಂಬಿಕೆ ಉಳಿದಿದೆ.

ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನೂ ಕಾಲು ಮುಂದಾಗಿಯೇ ಹುಟ್ಟಿದವಳು.

ಆರನೇ ವಯಸ್ಸಿನಿಂದ ಹನ್ನೆರಡರವರೆಗೆ ನಮ್ಮೂರಲ್ಲಿ ನಾನೇ ತುಳಿಯುವವಳು. ನಮ್ಮ ಕೇರಿಯವರು ಕರೆದರೆ ಅದೊಂದು ಆಟ. ಆದರೆ ಮೇಲಿನ ಓಣಿಯ ದೊಡ್ಡ ಮನೆಯವರೂ ಕರೆಸುತ್ತಿದ್ದರು. ಹೊಸ್ತಿಲು ದಾಟುವಂತಿಲ್ಲ. ದನ ಕಟ್ಟುವ ಜಾಗದಲ್ಲಿ ಗೋಣಿಚೀಲ ಹಾಸಿ ಮನೆಯ ಯಜಮಾನ ಬೋರಲು ಮಲಗುತ್ತಿದ್ದ. ಅವನ ಹೆಂಡತಿ ದೂರದಿಂದ ನನ್ನ ಕಾಲಿನ ಮೇಲೆ ನೀರು ಸುರಿಯುತ್ತಿದ್ದಳು. ನಾನು ತುಳಿದು ಕೆಳಗಿಳಿದ ಕೂಡಲೇ, "ಏ, ಆ ಕಡಿ ಸರಿ ಬೇ" ಎನ್ನುತ್ತ ಅವನು ಎದ್ದು ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದ. ನನ್ನ ಕಾಲು ಅವನಿಗೆ ಬೇಕಾಗಿತ್ತು, ನಾನು ಮುಟ್ಟಿದ್ದು ತೊಳೆದುಹೋಗಬೇಕಾಗಿತ್ತು. ಒಂದು ಸಲ ನಾನು ಅಂಗಳದಲ್ಲಿ ಇರುವಾಗಲೇ ಅವನು ಮೈ ತೊಳೆದ ನೀರು ಹರಿದು ಬಂದು ನನ್ನ ಪಾದಕ್ಕೆ ತಾಗಿತು. ಮನೆಗೆ ಬಂದು ನಮ್ಮವ್ವನಿಗೆ, "ಇನ್ನ ಹೋಗಂಗಿಲ್ಲ" ಎಂದೆ.

ಮೆಡಿಕಲ್ ಕಾಲೇಜಿನಲ್ಲಿ, ಹೈದರಾಬಾದಿನಲ್ಲಿ, ಈ ಆಸ್ಪತ್ರೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಬಡತನ ಹೇಳಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ. ಇದನ್ನು ಹೇಳಿದರೆ ನನ್ನ ಕಾಲು ನೋಡುತ್ತಾರೆ ಎಂದು ಅಂಜಿಕೆ.

ಈಗ ಕೇಳಬೇಕಾದ ಪ್ರಶ್ನೆ ಒಂದೇ. ಆ ಪಟ್ಟಿ ಮಾಡುವಾಗ ತುಳಿಸುವುದು ನನಗೆ ನೆನಪಾಗಲಿಲ್ಲವೇ? ನೆನಪಾಗಿತ್ತು. ಟೊಂಕದ ರೋಗಿಗಳ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದೇ ಅದು. ಪೆನ್ನು ಹಿಡಿದಿದ್ದೆ. ಪಕ್ಕದಲ್ಲಿ ಮಂಗಳೂರು ಕಡೆಯ ಸಿಸ್ಟರ್ ಒಬ್ಬಳು ನಿಂತಿದ್ದಳು. "ಇದೆಂತ ಮೇಡಂ, ನಿಮಗೆ ಹೇಗೆ ಗೊತ್ತು?" ಎಂದು ಅವಳು ಕೇಳಿದರೆ ಏನು ಹೇಳಲಿ ಎನಿಸಿತು. ಬರೆಯಲಿಲ್ಲ. ಆಮೇಲೆ ಆ ಪಟ್ಟಿ ಅಚ್ಚಾಯಿತು, ನೂರಾರು ಜನರ ಕೈಗೆ ಹೋಯಿತು. ಹುಲಿಗೆಮ್ಮನ ಕೈಗೂ ಹೋಯಿತು.

ಅರ್ಧ ತಾಸಿನಲ್ಲಿ ಅವಳನ್ನು ಥಿಯೇಟರಿಗೆ ತೆಗೆದುಕೊಂಡೆ. ಎಲುಬಿನ ಹಿಂಬದಿ ತೆರೆದು ನರಗಳ ಮೇಲಿನ ಚೂರುಗಳನ್ನು ಒಂದೊಂದಾಗಿ ತೆಗೆದೆ. ಕೆಲವು ಮೆತ್ತಗೆ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಕೆಲವು ಇನ್ನೂ ಚೂಪಾಗಿದ್ದವು. ಒತ್ತಡ ಬಿಟ್ಟ ಕೂಡಲೇ ಮಿಡಿಯಬೇಕಾದ ನರದ ಪೊರೆ ಚಪ್ಪಟೆಯಾಗಿಯೇ ಇತ್ತು. ಟೈಟಾನಿಯಂ ಕೇಜ್ ಹಾಕಿದೆ. ಎರಡೂ ಕಡೆ ಸ್ಕ್ರೂ, ಸರಳು ಹಾಕಿದೆ. ಅವಳು ಬೇಡವೆಂದಿದ್ದ ಕಬ್ಬಿಣ ಮೊದಲಿಗಿಂತ ಹೆಚ್ಚು ಅವಳ ಮೈ ಸೇರಿತು. ಈ ಸಲ ಅದು ಸಾಯುವವರೆಗೆ ಅಲ್ಲೇ ಇರುತ್ತದೆ.

ಆರು ವಾರ ಕಾದೆವು. ಎಡಗಾಲು ಪೂರ್ತಿ ಬಂತು. ಬಲಪಾದ ಬರಲಿಲ್ಲ, ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು ನಡೆಯುವಷ್ಟಾಯಿತು. ಮೂತ್ರದ ಹಿಡಿತ ಬರಲೇ ಇಲ್ಲ. ದಿನಕ್ಕೆ ನಾಲ್ಕು ಸಲ ತಾನೇ ಸಣ್ಣ ನಳಿಗೆ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಸಿಸ್ಟರ್ ಕಲಿಸಿದಳು. ಹದಿನಾಲ್ಕು ಹೆಂಗಸರನ್ನು ಗದರಿಸಿ ನಡೆಸಿದವಳು ಪರದೆಯ ಹಿಂದೆ ಕನ್ನಡಿ ಹಿಡಿದುಕೊಂಡು ಕೂತು ಅದನ್ನು ಕಲಿತಳು. ನಾನು ಪರದೆಯ ಈಚೆಗೆ ನಿಂತಿದ್ದೆ. ಒಳಗಿನಿಂದ ಒಂದೇ ಮಾತು ಬಂತು: "ಸಾಕು ಬಿಡು ಯವ್ವಾ, ಬಂತು."

ಆಸ್ಪತ್ರೆಯಲ್ಲಿ ಇಂಥ ಕೆಟ್ಟ ಫಲಿತಾಂಶಗಳಿಗೆ ಒಂದು ಪರಿಶೀಲನಾ ನಮೂನೆ ತುಂಬಬೇಕು. ಕೊನೆಗೆ 'ಕಾರಣ' ಎಂಬ ಕಾಲಂ. ನಾನು ಬರೆದೆ: ರೋಗಿ ಸೂಚನೆ ಪಾಲಿಸಿಲ್ಲ. ಸಲೀಸಾಗಿ ಬರೆದೆ. ಅಧೀಕ್ಷಕರು ಸಹಿ ಹಾಕಿದರು.

ಮತ್ತೆ ಒಂದು ತಿಂಗಳಿಗೆ ತಾಯಮ್ಮ ಒಬ್ಬಳೇ ಒಪಿಡಿಗೆ ಬಂದಳು. ಚೀಟಿ ಮಾಡಿಸಿರಲಿಲ್ಲ. ಎಲ್ಲರೂ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಒಳಗೆ ಬಂದಳು. ಸೊರಗಿದ್ದಳು.

"ಒಂದು ಮಾತು ಕೇಳಾಕ ಬಂದೀನ್ರೀ. ಇದು ನನ್ನ ಕಾಲಿಂದ ಆತೇನ್ರೀ?"

ಬಾಗಲವಾಡದಲ್ಲಿ ಅಕ್ಕನ ಮನೆಯವರು ಅವಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಭಾವ, "ಸುಡಗಾಡ ಕಾಲು ತಗೊಂಡು ಇಲ್ಲಿ ಬರಬ್ಯಾಡ" ಎಂದಿದ್ದ. ಕುರ್ಡಿಯಲ್ಲಿ ಗಂಡನ ಮನೆಯವರೂ, ಆಕೆ ತುಳಿದ ಕಾಲು ಕೆಟ್ಟದ್ದು ಎಂದು ಮಾತಾಡತೊಡಗಿದ್ದರು. ಅಕ್ಕ ಒಂದು ಮಾತೂ ಆಡಿರಲಿಲ್ಲವಂತೆ. "ಬೈದಿದ್ರ ತಡೀತಿದ್ನಿ. ಸುಮ್ನ ಮುಖ ಆ ಕಡಿ ತಿರುವಿದ್ಲು" ಎಂದು ತಾಯಮ್ಮ ಅತ್ತಳು.

ಉತ್ತರ ಕೊಡುವುದು ಕಷ್ಟವಿರಲಿಲ್ಲ. "ಇಲ್ಲ, ಎಲುಬು ಹಸಿ ಇತ್ತು, ಏನಾದರೂ ಆಗಿಯೇ ಆಗುತ್ತಿತ್ತು" ಎಂದು ಸಮಾಧಾನ ಮಾಡಿ ಕಳಿಸಬಹುದಿತ್ತು. ಅಷ್ಟಕ್ಕೆ ಅವಳು ಕಾಲಿಗೆ ಬಿದ್ದು ಹೋಗುತ್ತಿದ್ದಳು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ಕ್ರೂ ತೆಗೆಯಲು ನಾನು ಅವಸರ ಮಾಡಿದ್ದು. ಒಳಗಿನ ಕೇಜ್ ಬಲ ಕಳೆದುಕೊಂಡಿದ್ದು ನನಗೆ ಗೊತ್ತಿದ್ದದ್ದು. ತುಳಿಸಬಾರದು ಎಂದು ನಾನು ಹೇಳದಿದ್ದದ್ದು.

"ನಿಮಗ ನಮ್ಮ ರೂಢಿ ಗೊತ್ತಿರಂಗಿಲ್ಲ ಬಿಡ್ರಿ," ಎಂದು ಅವಳೇ ನನಗೆ ದಾರಿ ಮಾಡಿಕೊಟ್ಟಳು. "ನೀವು ಓದಿದೋರು."

"ಗೊತ್ತಿತ್ತು ತಾಯಮ್ಮಾ. ನಾನೂ ಕಾಲು ಮುಂದಾಗಿ ಹುಟ್ಟಿದಾಕಿನ. ಸಣ್ಣಾಕಿದ್ದಾಗ ಊರ ಮಂದಿಗೆಲ್ಲಾ ತುಳದೀನಿ."

ಬಾಯಿಬಿಟ್ಟು ಇದನ್ನು ಹೇಳಿದ್ದು ಅದೇ ಮೊದಲು. ಅವಳು ಅನುಕಂಪ ತೋರಿಸುತ್ತಾಳೆ, ನಾವಿಬ್ಬರೂ ಒಂದೇ ಎನ್ನುತ್ತಾಳೆ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ಅವಳು ಎದ್ದು ನಿಂತಳು.

"ಗೊತ್ತಿದ್ದೂ ಹೇಳಲಿಲ್ಲೇನ್ರೀ?" ಅಂದಳು. "ಹಂಗಾದ್ರ ಈ ಮಾತು ನನಗ ಹೇಳಿದ್ರ ಏನ್ ಬಂತು? ಬಾಗಲವಾಡಕ್ಕ ಬಂದು ನಮ್ಮಕ್ಕನ ಮುಂದ ಹೇಳ್ರಿ. ನಾ ಹೇಳಿದ್ರ ಯಾರು ನಂಬ್ತಾರ?"

ಆ ಭಾನುವಾರ ಬಾಗಲವಾಡಕ್ಕೆ ಹೋದೆ. ನಾನೇ ಕಾರು ನಡೆಸಿಕೊಂಡು ಹೋದೆ, ಡ್ರೈವರನ್ನು ಕರೆಯಲಿಲ್ಲ. ಹುಲಿಗೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೋಲು ಪಕ್ಕಕ್ಕಿಟ್ಟು ಕೂತಿದ್ದಳು. ಗುಂಪಿನ ನಾಲ್ಕೈದು ಹೆಂಗಸರಿದ್ದರು. ಗಂಡ ಕುರ್ಚಿ ತಂದಿಟ್ಟ. ತಾಯಮ್ಮ ಬೀದಿಯಲ್ಲೇ ನಿಂತಳು. ನಾನೂ ಕೂರದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಒಪಿಡಿಯಲ್ಲಿ ಹೇಳಿದ್ದಷ್ಟನ್ನೂ. ನನ್ನ ಕಾಲಿನ ಸಂಗತಿಯನ್ನೂ ಹೇಳಿದೆ.

ಹೆಂಗಸರಲ್ಲೊಬ್ಬಳು ನನ್ನ ಪಾದ ನೋಡಿದಳು. ಹುಲಿಗೆಮ್ಮ ಬಾಯಿ ತೆರೆದಳು. ಹಳೆಯ ದನಿ ಬಂದಿತ್ತು.

"ನನ್ನ ಟೊಂಕದೊಳಗ ಏನದ ಅಂತ ನೋಡಾಕ ನಿನ್ನ ಹಂತ್ಯಾಕ ಅಷ್ಟು ದೊಡ್ಡ ಮಿಷನ್ ಅದ. ನಾ ಮನಿಗಿ ಹೋಗಿ ಏನ್ ಮಾಡ್ತೀನಿ ಅನ್ನೂದಕ್ಕ ಯಾ ಮಿಷನ್ ಬೇಕಿತ್ತು ನಿನಗ? ನಮ್ಮೊಳಗ ಹುಟ್ಟಿದಾಕಿ ನೀ. ಹೈದರಾಬಾದಿನ ಡಾಕ್ಟರ ಹೇಳಲಿಲ್ಲಂದ್ರ ಅವಗೇನ್ ಗೊತ್ತು ಅಂತ ಬಿಡ್ತಿದ್ನಿ."

ಅವಳು ಬೀದಿಯ ಕಡೆ ತಿರುಗಿದಳು.

"ತಾಯಮ್ಮಾ, ಅಲ್ಯಾಕ ನಿಂತೀ ಬಿಸಲಾಗ? ಬಾ. ಮಂದಿ ನೋಡಾಕತ್ತಾರ."

ತಾಯಮ್ಮ ಬಂದಳು. ಅಕ್ಕ ಅವಳ ಮುಖ ನೋಡಲಿಲ್ಲ. ಕೂರಲು ಜಾಗ ಮಾಡಿ ಸರಿದಳಷ್ಟೆ. ನನಗೆ ಚಹಾ ಕೊಟ್ಟರು. ಕುಡಿದು ಬಂದೆ. ಯಾರೂ ಬೀಳ್ಕೊಡಲು ಕಾರಿನವರೆಗೆ ಬರಲಿಲ್ಲ.

ಮರುದಿನ ಅಧೀಕ್ಷಕರ ಕೋಣೆಗೆ ಹೋಗಿ ಆ ನಮೂನೆ ವಾಪಸು ಕೇಳಿದೆ. 'ರೋಗಿ ಸೂಚನೆ ಪಾಲಿಸಿಲ್ಲ' ಎಂಬುದನ್ನು ಹೊಡೆದು ಹಾಕಿ, 'ಸೂಚನೆ ಕೊಟ್ಟಿರಲಿಲ್ಲ. ಸ್ಕ್ರೂ ತೆಗೆಯಲು ಸರ್ಜನ್ ಅವಸರ ಮಾಡಿದರು' ಎಂದು ಬರೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಿದೆ. "ಏನ್ ಮೇಡಂ, ನಿಮ್ಮ ಕೈಯಾರೆ ನಿಮ್ಮ ಕುತ್ತಿಗೆ ಕೊಯ್ಕೋತೀರಿ?" ಎಂದರು ಅವರು. ವಿಚಾರಣೆ ನಡೆಯಿತು. ಹೊಸ ಇಂಪ್ಲಾಂಟ್ ಬಳಸುವ ಅನುಮತಿಯನ್ನು ಎರಡು ವರ್ಷ ನನ್ನಿಂದ ಹಿಂತೆಗೆದುಕೊಂಡರು. ಸಮ್ಮೇಳನಕ್ಕೆ ಕೊಟ್ಟ ಹೆಸರನ್ನು ನಾನೇ ವಾಪಸು ಪಡೆದೆ.

ಕರಗುವ ಕೇಜನ್ನು ನಾನು ಇಲ್ಲಿ ದೂರುತ್ತಿಲ್ಲ. ಆ ವಸ್ತು ತಾನು ಮಾಡುತ್ತೇನೆ ಎಂದು ಹೇಳಿದ್ದನ್ನೇ ಮಾಡಿತು, ಕರಗಿತು. ಎಲುಬಿಗೆ ಸಮಯ ಕೊಡಬೇಕಾದವಳು ನಾನು.

ಇಂದು ನನ್ನ ಒಪಿಡಿಯಲ್ಲಿ ಟೊಂಕದ ರೋಗಿ ಬಂದರೆ ಎಕ್ಸ್‌ರೇ ನೋಡುವುದಕ್ಕೂ ಮೊದಲು ಕೇಳುತ್ತೇನೆ: "ಯಾರ ಕಡಿಂದ ತುಳಿಸೀರಿ?" ತುಳಿಸಿದ್ದೀರಾ ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ಯಾರ ಕಡೆಯಿಂದ ಎಂದು ಕೇಳಿದರೆ ಮೊದಲು ನನ್ನನ್ನು, ಆಮೇಲೆ ಸಿಸ್ಟರನ್ನು ನೋಡಿ, ದನಿ ತಗ್ಗಿಸಿ ಹೆಸರು ಹೇಳುತ್ತಾರೆ. ಹೇಳಲು ಅಳುಕಿದರೆ, ನಾನೂ ತುಳಿದವಳೇ ಎನ್ನುತ್ತೇನೆ. ಬರೆ ಹಾಕಿಸಿದ್ದು, ಎಣ್ಣೆ ತಿಕ್ಕಿಸಿದ್ದು, ಎಲ್ಲ ಹೊರಗೆ ಬರುತ್ತದೆ.

ನಾವು ಮೊದಲ ತಲೆಮಾರಿನಲ್ಲಿ ಓದಿ ಮೇಲೆ ಬಂದವರು ಪದವಿಯ ಜೊತೆಗೆ ಇನ್ನೊಂದನ್ನೂ ಕಷ್ಟಪಟ್ಟು ಕಲಿಯುತ್ತೇವೆ: ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು. ಅದರಿಂದ ನಮಗೆ ಮರ್ಯಾದೆ ಸಿಗುತ್ತದೆ. ಆ ಮರ್ಯಾದೆಯನ್ನು ನಾನು ಇಟ್ಟುಕೊಂಡೆ. ಹುಲಿಗೆಮ್ಮ ದಿನಕ್ಕೆ ನಾಲ್ಕು ಸಲ, ಪರದೆ ಎಳೆದುಕೊಂಡು, ಅದರ ಬೆಲೆ ಕೊಡುತ್ತಿದ್ದಾಳೆ.